‘ಪೆಡ್’ ಎಂದರೆ ಪಾದವೋ, ಮಗುವೋ?

ಮೂಳೆ ಡಾಕ್ಟರನ್ನು ಆರ್ಥೋಪೆಡಿಕ್ ಸರ್ಜನ್ ಎನ್ನುತ್ತಾರಷ್ಟೆ. ಈ ಪದದೊಳಗಿನ ‘ಪೆಡ್’ಗೆ ಅರ್ಥವೇನೆಂದು ಕೇಳಿದರೆ, ಪದಮೂಲಗಳನ್ನು ಕಲಿತ ಜಾಣ ವಿದ್ಯಾರ್ಥಿ ಥಟ್ಟನೆ ‘ಪಾದ’ ಎಂದಾನು. ಕಾಲು ಮುರಿದವರೇ ತಾನೆ ಅಲ್ಲಿಗೆ ಹೋಗುವುದು! ಆದರೆ ಉತ್ತರ ತಪ್ಪು.

ತಪ್ಪಿಗೆ ಕಾರಣವಿದೆ. ಲ್ಯಾಟಿನ್ನಿನಲ್ಲಿ ‘ಪೆಸ್’ ಎಂದರೆ ಪಾದ. ‘ಪಾದದ’ ಎನ್ನಬೇಕಾದರೆ ‘ಪೆಡಿಸ್’. ಇದೂ ಸಂಸ್ಕೃತದ ‘ಪಾದ’ವೂ ಒಂದೇ ಇಂಡೋ-ಯೂರೋಪಿಯನ್ ಕುಟುಂಬದ ದಾಯಾದಿಗಳು. ಹೀಗಾಗಿ ಪಿ-ಇ-ಡಿ ಅಕ್ಷರಗಳಿರುವ ಎಷ್ಟೋ ಪದಗಳು ಕನ್ನಡದ ಮಕ್ಕಳಿಗೆ ಸುಲಭ. ಪೆಡೆಸ್ಟ್ರಿಯನ್ ಎಂದರೆ ಪಾದಚಾರಿ. ಪೆಡಲ್ ಪಾದದಿಂದ ತುಳಿಯುವಂಥದು. ಬೈಪೆಡ್ ದ್ವಿಪಾದಿ, ಕ್ವಾಡ್ರುಪೆಡ್ ಚತುಷ್ಪಾದಿ. ಸೆಂಟಿಪೀಡ್ ಎಂದರೆ ಶತಪದಿ. ಹೆಸರಿಗೆ ಶತವಾದರೂ, ಬೆಳೆದ ಶತಪದಿಯ ಕಾಲುಜೋಡಿಗಳು ಯಾವಾಗಲೂ ಬೆಸಸಂಖ್ಯೆಯಲ್ಲಿರುವುದರಿಂದ ಅದಕ್ಕೆ ಸರಿಯಾಗಿ ನೂರು ಕಾಲು ಇರುವುದೇ ಇಲ್ಲ! ಮಿಲಿಪೀಡ್ ಎಂದರೆ ಸಹಸ್ರಪದಿ. ಈ ಹೆಸರಿಗೆ ತಕ್ಕ ಜೀವಿ ಬೆಳಕಿಗೆ ಬಂದದ್ದು ೨೦೨೧ರಲ್ಲಿ. ಆಸ್ಟ್ರೇಲಿಯಾದಲ್ಲಿ ಸಿಕ್ಕ ಅದಕ್ಕೆ ೧೩೦೬ ಕಾಲು.

ಕೆಲವು ಪದಗಳಲ್ಲಿ ಪಾದ ಅಡಗಿ ಕುಳಿತಿದೆ. ಇಂಪೀಡ್ ಎಂದರೆ ಅಡ್ಡಿಪಡಿಸು. ಮೂಲದಲ್ಲಿ ಕಾಲಿಗೆ ತೊಡಕು ಹಾಕುವುದು. ಆ ತೊಡಕು ಬಿಡಿಸಿದರೆ ಎಕ್ಸ್‌ಪೆಡೈಟ್, ಅಂದರೆ ಕೆಲಸವನ್ನು ಚುರುಕುಗೊಳಿಸು. ವಂಶಾವಳಿಗೆ ಪೆಡಿಗ್ರಿ ಎನ್ನುತ್ತಾರೆ. ಇದು ಹಳೆಯ ಫ್ರೆಂಚಿನ ‘ಕ್ರೌಂಚದ ಕಾಲು’ ಎಂಬ ಮಾತಿನಿಂದ ಬಂದದ್ದು. ವಂಶವೃಕ್ಷದಲ್ಲಿ ಎಳೆಯುತ್ತಿದ್ದ ಕವಲುಗೆರೆ ಹಕ್ಕಿಯ ಕಾಲಿನಂತೆ ಕಾಣುತ್ತಿತ್ತು.

ಇಷ್ಟೆಲ್ಲ ಕಲಿತ ಮೇಲೆ ಪೀಡಿಯಾಟ್ರಿಷಿಯನ್ ಎಂದರೆ ಪಾದದ ವೈದ್ಯ ಎಂದುಕೊಂಡರೆ ಆಶ್ಚರ್ಯವೇನು? ಆದರೆ ಅವರು ಮಕ್ಕಳ ವೈದ್ಯರು. ಇಲ್ಲಿರುವುದು ಗ್ರೀಕಿನ ‘ಪೈಡ್’, ಅಂದರೆ ಮಗು. ಬ್ರಿಟಿಷ್ ಕಾಗುಣಿತದಲ್ಲಿ ಇದನ್ನು ಪಿ-ಎ-ಇ-ಡಿ ಎಂದು ಬರೆಯುತ್ತಾರೆ. ಅಮೆರಿಕನ್ನರು ಆ ‘ಎ’ ಕೈಬಿಟ್ಟಿದ್ದರಿಂದ ಮಗುವಿಗೂ ಪಾದಕ್ಕೂ ಒಂದೇ ವೇಷವಾಯಿತು. ಹಾಗೆಂದು ಕಾಗುಣಿತವನ್ನೇ ನಂಬುವಂತಿಲ್ಲ. ಶಿಕ್ಷಕ ಎಂಬರ್ಥದ ಪೆಡಗಾಗ್ ಪದದಲ್ಲಿ ಬ್ರಿಟಿಷರೂ ‘ಎ’ ಬರೆಯುವುದಿಲ್ಲ. ಪ್ರಾಚೀನ ಗ್ರೀಸಿನಲ್ಲಿ ಮಗುವನ್ನು ಶಾಲೆಗೆ ಕರೆದೊಯ್ಯುತ್ತಿದ್ದ ಗುಲಾಮನಿಗೆ ಈ ಹೆಸರಿತ್ತು.

ಇನ್ನು ಆರ್ಥೋಪೆಡಿಕ್. ‘ಆರ್ಥೋಸ್’ ಎಂದರೆ ನೇರ. ಮಕ್ಕಳ ಅಂಗದೋಷಗಳನ್ನು ತಡೆಯುವ, ತಿದ್ದುವ ಬಗೆಯನ್ನು ಕುರಿತು ಫ್ರಾನ್ಸಿನ ವೈದ್ಯ ನಿಕೊಲಾಸ್ ಆಂದ್ರಿ ೧೭೪೧ರಲ್ಲಿ ಬರೆದ ಗ್ರಂಥಕ್ಕಾಗಿ ಈ ಪದವನ್ನು ಕಟ್ಟಿದ. ಅದರಲ್ಲೊಂದು ಚಿತ್ರವಿದೆ: ಡೊಂಕಾಗಿ ಬೆಳೆದ ಎಳೆಯ ಮರವನ್ನು ನೇರವಾದ ಗೂಟಕ್ಕೆ ಹಗ್ಗದಿಂದ ಬಿಗಿದಿದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ನಮ್ಮ ಗಾದೆಯನ್ನು ನೆನಪಿಸುವ ಈ ಚಿತ್ರ ಇಂದಿಗೂ ಮೂಳೆ ವೈದ್ಯರ ಲಾಂಛನ.

ಪದಮೂಲ ಗೊತ್ತಿದ್ದರೆ ಅರ್ಥ ಊಹಿಸುವುದು ಸುಲಭ. ಆದರೆ ಊಹೆ ಉತ್ತರವಲ್ಲ. ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ. ಮಗು ಊಹಿಸಿದಾಗ ತಂದೆತಾಯಿಯರು ‘ಸರಿ’, ‘ತಪ್ಪು’ ಎಂದು ತೀರ್ಪು ಕೊಡುವ ಬದಲು ನಿಘಂಟನ್ನು ಮುಂದಿಡಲಿ. ಮೊದಲಿಗೆ ‘ಟಾರ್ಪಿಡೊ’ ಹುಡುಕಲಿ. ಪಿ-ಇ-ಡಿ ಅದರಲ್ಲೂ ಇದೆ, ಆದರೆ ಅಲ್ಲಿರುವುದು ಪಾದವೂ ಅಲ್ಲ, ಮಗುವೂ ಅಲ್ಲ. ಮುಟ್ಟಿದವರ ಕೈ ಜೋಮು ಹಿಡಿಸುವ ಒಂದು ಮೀನು!