ಹೊಳೆದದ್ದೆಲ್ಲ ಕಾರ್ಬನ್ ಡಾಟ್ ಅಲ್ಲ

2004ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಇಂಗಾಲದ ನ್ಯಾನೊನಳಿಕೆಗಳನ್ನು ಶುದ್ಧಗೊಳಿಸುವಾಗ ಬೇಡದ ಕಶ್ಮಲದೊಂದಿಗೆ ಬೇರ್ಪಟ್ಟವು, ಬೆಳಕು ಸೂಸುವ ಕಣಗಳು. ಹತ್ತು ನ್ಯಾನೊಮೀಟರಿಗಿಂತಲೂ ಕಿರಿದಾದ ಈ ಕಾರ್ಬನ್ ಡಾಟ್‌ಗಳ ತಯಾರಿ ಈಗ ಸುಲಭ. ಸಿಟ್ರಿಕ್ ಆಮ್ಲ, ಎಥಿಲೀನ್‌ಡೈಅಮೀನ್ ಮತ್ತು ನೀರನ್ನು ಟೆಫ್ಲಾನ್ ಒಳಪದರದ ಉಕ್ಕಿನ ಪಾತ್ರೆಯಲ್ಲಿ ಬಿಗಿಯಾಗಿ ಮುಚ್ಚಿ, 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲವು ಗಂಟೆ ಕಾಯಿಸಿದರೆ ಕಂದು ದ್ರಾವಣ ಸಿಗುತ್ತದೆ. ನೇರಳಾತೀತ ದೀಪ ಹಿಡಿದರೆ ಅದು ನೀಲಿಯಾಗಿ ಬೆಳಗುತ್ತದೆ. ಪಾದರಸದ ಅಯಾನು ಬೆರೆತರೆ ಮಂಕಾಗುತ್ತದೆ; ನೀರಿನಲ್ಲಿ ಪಾದರಸವನ್ನು ಪತ್ತೆಹಚ್ಚಲು ಇದೇ ಸುಳಿವು. ಬೆಳಕು ಸೂಸುವ ಇತರ ಕೆಲವು ನ್ಯಾನೊಕಣಗಳಲ್ಲಿರುವ ಕ್ಯಾಡ್ಮಿಯಂ ಇವುಗಳಲ್ಲಿ ಇಲ್ಲದ್ದರಿಂದ ವಿಷದ ಭಯವೂ ಕಡಿಮೆ.

ತೊಡಕಿರುವುದು ಮುಂದೆ. ಕಬ್ಬಿಣದ ಅಯಾನೂ ಈ ಬೆಳಕನ್ನು ಕುಗ್ಗಿಸಬಲ್ಲದು. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣವೇನು ಅಪರೂಪವೆ? ಸರಿಯಾಗಿ ಶುದ್ಧೀಕರಿಸದಿದ್ದರೆ ಹೊಳೆಯುತ್ತಿರುವುದು ಕಾರ್ಬನ್ ಡಾಟೋ, ಜೊತೆಗೆ ಹುಟ್ಟಿದ ಸಣ್ಣ ಅಣುವೋ ಎಂಬುದೂ ತಿಳಿಯದು. ಆದರೂ ಕಿತ್ತಳೆ ರಸ, ಬಾಳೆಸಿಪ್ಪೆ ಎಂದು ಕಚ್ಚಾವಸ್ತು ಬದಲಿಸಿ ಪ್ರಬಂಧ ಹೊಸೆಯುವ ಉತ್ಸಾಹ ತಗ್ಗಿಲ್ಲ. ಕುಡಿಯುವ ನೀರಿನಲ್ಲಿ ಪಾದರಸಕ್ಕೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.001 ಮಿಲಿಗ್ರಾಂ. ಭಟ್ಟಿಯಿಳಿಸಿದ ನೀರನ್ನು ಬದಿಗಿಟ್ಟು, ಕಬ್ಬಿಣ ಬೆರೆತ ಕೊಳವೆಬಾವಿಯ ನೀರಿನಲ್ಲೇ ಆ ಮಟ್ಟವನ್ನು ಪತ್ತೆಹಚ್ಚಿ ತೋರಿಸುವ ಕೆಲಸಕ್ಕೆ ಅನುದಾನದಲ್ಲಿ ಮೊದಲ ಪಾಲು ಸಿಗಲಿ.