ತಣಿ ಎಂದರೆ ತಣಿಯುವುದೇ?

ಅಡಾಜಣ್ ಕಡೆಯ ನಮ್ಮ ಕನ್ನಡ ಮನೆಗಳಲ್ಲಿ ಮಕ್ಕಳ ನಾಲಗೆಯ ಮೇಲೆ ಸಲೀಸಾಗಿ ಓಡಾಡುತ್ತಿರುವ ಇಂಗ್ಲಿಷ್ ಮಾತುಗಳಲ್ಲಿ ‘ಕೂಲ್ ಡೌನ್’ ಎಂಬುದೂ ಒಂದು. ತಾಯಿ ಗದರಿದರೆ ‘ಕೂಲ್ ಡೌನ್ ಅಮ್ಮಾ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮಕ್ಕಳನ್ನು ಮಾತ್ರ ದೂರಿ ಫಲವಿಲ್ಲ. ಹಿರಿಯರೂ ಅದನ್ನೇ ಆಡುತ್ತಿದ್ದಾರೆ. ಇಂಗ್ಲಿಷ್ ಕೂಡದೆಂಬ ಮಡಿವಂತಿಕೆ ನಮಗಿಲ್ಲ. ಆದರೆ ಎರವಲು ತಂದ ಪಾತ್ರೆಯನ್ನು ಒಮ್ಮೆ ತಟ್ಟಿ ನೋಡುವುದು ವ್ಯಾಪಾರಿಗಳ ಪದ್ಧತಿಯಷ್ಟೆ.

‘ಕೂಲ್’ ಎಂಬ ಕ್ರಿಯಾಪದಕ್ಕೆ ‘ಡೌನ್’ ಸೇರಿದರೆ, ಕಾದದ್ದು ಕ್ರಮೇಣ ಬಿಸಿಯಿಳಿಯುವುದೆಂದು ಅರ್ಥ. ಎಂಜಿನ್ನಿಗೂ, ಓಡಿ ಬಂದ ಆಟಗಾರನಿಗೂ, ಸಿಟ್ಟಾದ ಮನುಷ್ಯನಿಗೂ ಅದು ಸಲ್ಲುತ್ತದೆ. ‘ಆಫ್’ ಸೇರಿದರೆ, ಬೇಸಿಗೆಯಲ್ಲಿ ಈಜಿ ಮೈ ತಂಪು ಮಾಡಿಕೊಳ್ಳುವುದೂ ಆಗಬಹುದು, ಸ್ನೇಹದ ಬಿಸುಪು ಕಡಮೆಯಾಗುವುದೂ ಆಗಬಹುದು. ಸಿಟ್ಟಿನ ಮಟ್ಟಿಗೆ ಎರಡೂ ನಡೆಯುತ್ತವೆ. ಇಂಗ್ಲಿಷು ಬಾಲ ಬದಲಿಸಿ ಸಾಧಿಸುವ ಈ ಕೆಲಸವನ್ನು ಕನ್ನಡವು ಒಂದು ಸಹಾಯಕ ಕ್ರಿಯಾಪದದಿಂದ ಸಾಧಿಸುತ್ತದೆ. ಹೋಟೆಲಿನ ಗಲ್ಲಾದಲ್ಲಿ ವರ್ಷಗಟ್ಟಲೆ ಕುಳಿತವರಿಗೆ ವ್ಯಾಕರಣದ ಪುಸ್ತಕವಿಲ್ಲದೆಯೇ ಇದು ತಿಳಿದಿರುತ್ತದೆ. ‘ಕಾಫಿ ಆರಿತು’ ಎಂದರೆ ಗಿರಾಕಿ ಇನ್ನು ಕುಡಿಯಬಹುದು. ‘ಆರಿಹೋಯಿತು’ ಎಂದರೆ ಲೋಟ ಒಳಗೆ ಹಿಂದಿರುಗುತ್ತದೆ. ‘ಆರಿಸಿ ಕೊಡಿ’ ಎಂದರೆ ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ಕೊಡಬೇಕು. ಇದೇ ‘ಆರು’ ದೀಪಕ್ಕೂ ಸಲ್ಲುತ್ತದೆ, ಒದ್ದೆ ಬಟ್ಟೆಗೂ ಸಲ್ಲುತ್ತದೆ, ಗಾಯಕ್ಕೂ ಸಲ್ಲುತ್ತದೆ. ಬಾಯಿಗೆ ಸೇರಿದಾಗ ಬಾಯಾರಿಕೆಯಾಗುತ್ತದೆ.

‘ತಣಿ’ ಎಂಬುದು ಇದಕ್ಕಿಂತಲೂ ಆಳವಾದ ಮಾತು. ಅದರಲ್ಲಿ ತಂಪಿನೊಡನೆ ತೃಪ್ತಿಯೂ ಬೆರೆತಿದೆ. ಹಸಿವು ತಣಿಯುವುದು ಅನ್ನದಿಂದ. ಕಣ್ಣು ತಣಿಯುವುದು ಬಹುಕಾಲ ಕಾಣದವರನ್ನು ಕಂಡಾಗ. ಉಂಡೆದ್ದವನು ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುತ್ತಾನೆ. ನಾವು ಬಂದು ನೆಲೆಸಿರುವ ಈ ಗುಜರಾತಿನ ಭಾಷೆಯೂ ಇಲ್ಲಿ ನಮ್ಮ ಕಡೆಗೇ ನಿಲ್ಲುತ್ತದೆ. ‘ಟಾಢಕ್’ ಎಂದರೆ ತಂಪು ಮಾತ್ರವಲ್ಲ, ಎದೆಗಾದ ಸಮಾಧಾನವೂ ಹೌದು. ‘ಆಂತರಡಿ ಠಾರವಿ’ ಎಂದರೆ ಮತ್ತೊಬ್ಬರ ಕರುಳನ್ನು ತಂಪು ಮಾಡುವುದು, ಎಂದರೆ ತೃಪ್ತಿಪಡಿಸುವುದು. ಶೀತಲಾ ಸಾತಮಿನ ದಿನ ಇಲ್ಲಿನ ಗೃಹಿಣಿಯರು ಒಲೆಯನ್ನೇ ಹೊತ್ತಿಸುವುದಿಲ್ಲ. ಹಿಂದಿನ ದಿನ, ರಾಂಧಣ ಛಠ್‌ನಂದು, ಮಾಡಿಟ್ಟ ತಣ್ಣನೆಯ ಅಡುಗೆಯೇ ಅಂದಿನ ಊಟ. ಒಲೆಗೂ ಆರಲು ಒಂದು ದಿನ ದೊರೆಯುತ್ತದೆ.

ಇಂಗ್ಲಿಷಿನ ಮಾತಿಗೂ ನಮ್ಮ ಮಾತಿಗೂ ಇರುವ ಅಂತರ ಇಲ್ಲಿದೆ. ‘ಕೂಲ್ ಡೌನ್’ ಎಂದು ಅಪ್ಪಣೆ ಮಾಡಿದಾಗ ತಣ್ಣಗಾಗುವ ಹೊರೆಯೆಲ್ಲ ಕಾದವನ ತಲೆಯ ಮೇಲೆ ಬೀಳುತ್ತದೆ. ಕಾಯಿಸಿದವನಿಗೆ ಕೆಲಸವೇ ಇಲ್ಲ! ಕನ್ನಡದಲ್ಲಿ ಹಸಿದವನ ಮುಂದೆ ನಿಂತು ‘ತಣಿ’ ಎಂದರೆ ಅದು ಮಾತೇ ಅಲ್ಲ, ತಣಿಸಬೇಕಾದವನು ಎದುರಿಗಿರುವವನು.

ಭಟ್ಟಿಯ ಮುಂದೆ ದಿನವಿಡೀ ನಿಂತ ಅಡುಗೆಯವನು ಎರಡು ತಿಂಗಳ ಬಾಕಿ ಸಂಬಳ ಕೇಳಲು ಗಲ್ಲಾದ ಬಳಿಗೆ ಬಂದು ದನಿಯೇರಿಸಿದನೆನ್ನಿ. ಊರಿನಲ್ಲಿ ಅವನ ಹಣಕ್ಕಾಗಿ ಕಾದಿರುವ ಮನೆಯೊಂದಿದೆ. ಮಾಲೀಕರು ಮೊಬೈಲಿನಿಂದ ಕಣ್ಣೆತ್ತದೆ ‘ಕೂಲ್ ಡೌನ್ ಮಾರಾಯಾ’ ಎನ್ನುತ್ತಾರೆ. ಮಾತು ನಯವಾಗಿದೆ, ಇಂಗ್ಲಿಷೂ ಶುದ್ಧವಾಗಿದೆ. ಸಂಬಳ ಮಾತ್ರ ಬಂದಿಲ್ಲ. ನ್ಯಾಯವಾದ ಸಿಟ್ಟನ್ನು ಸಿಟ್ಟು ಮಾಡಿದವನ ದೋಷವೆಂದು ತೋರಿಸುವ ಶಕ್ತಿ ಈ ಎರಡು ಪದಗಳಿಗಿದೆ. ಹೋಟೆಲ್ ಬಂಧುಗಳು ಬೇಸರಿಸಿದರೂ ಸರಿಯೇ, ಇದನ್ನು ನಾವು ಹೇಳಲೇಬೇಕು.

ಇಂಗ್ಲಿಷಿಗೂ ನ್ಯಾಯ ಸಲ್ಲಿಸೋಣ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಅರ್ಜಿಯ ಬಳಿಕ ಕಾಯಬೇಕಾದ ಆರು ತಿಂಗಳನ್ನು ವಕೀಲರು ‘ಕೂಲಿಂಗ್ ಆಫ್’ ಅವಧಿ ಎನ್ನುತ್ತಾರೆ. 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಸೇರಿಸಿದ 13ಬಿ ಕಲಮಿನ ಏರ್ಪಾಡು ಇದು. ಆರು ತಿಂಗಳು ಆರುವುದಕ್ಕೆಂದು ಕನ್ನಡಿಗನು ನಗಬಹುದು. ಇಲ್ಲಿ ಅಪ್ಪಣೆಯಿಲ್ಲ, ಕಾಲಾವಕಾಶವಿದೆ, ಅದು ಒಳ್ಳೆಯದೇ. ಆದರೆ ಕಾಲವೊಂದರಿಂದಲೇ ಎಲ್ಲವೂ ಆಗದು. ದಂಪತಿಗಳು ಬಹುಕಾಲದಿಂದ ಬೇರೆಯಾಗಿದ್ದು, ರಾಜಿಯ ಯತ್ನಗಳು ಸೋತು, ಜೀವನಾಂಶ ಹಾಗೂ ಮಕ್ಕಳ ಪಾಲನೆಯ ಪ್ರಶ್ನೆಗಳು ಇತ್ಯರ್ಥವಾಗಿದ್ದರೆ ನ್ಯಾಯಾಲಯವು ಈ ಅವಧಿಯನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತಿತು.

ನಮ್ಮ ಕರಾವಳಿಯಲ್ಲಿ ಬಿಸಿಲಿನಿಂದ ಬಂದವರಿಗೆ ಮೊದಲು ನೀರು, ಬೆಲ್ಲ ಕೊಟ್ಟು, ‘ಸ್ವಲ್ಪ ಸುಧಾರಿಸಿಕೊಳ್ಳಿ’ ಎನ್ನುವ ರೂಢಿಯುಂಟು. ನೀರು ಮೊದಲು, ಮಾತು ಅನಂತರ. ಮಕ್ಕಳು ಪರೀಕ್ಷೆಯಲ್ಲಿ ‘ಡೌನ್’, ‘ಆಫ್’ ಎರಡನ್ನೂ ಸರಿಯಾಗಿ ಬರೆದು ಅಂಕ ಗಳಿಸಲಿ. ಮನೆಯಲ್ಲಿ ಅಮ್ಮ ಗದರಿದಾಗ ‘ಏನಾಯಿತಮ್ಮಾ?’ ಎಂದು ಕೇಳಲಿ. ಬಾಕಿಯಿರುವ ಸಂಬಳಗಳು ಈ ವಾರವೇ ಸಂದಾಯವಾಗಲಿ.