ಕಡಲಿಲ್ಲದ ನಾಡಿನ ಕಡಲ ಕಥೆ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಎರೆಭೂಮಿ ಕಡಲನ್ನು ಕಂಡುದಲ್ಲ. ಮಲಪ್ರಭೆ ಉಕ್ಕಿ ಹರಿಯುವ ಅಪರೂಪದ ದಿನಗಳನ್ನು ಬಿಟ್ಟರೆ ಇದು ನೀರಿಗಾಗಿ ಕಾಯುವ ನಾಡು. ಆದರೂ ನಾನು ಸಮುದ್ರವನ್ನು ಮೊದಲು ನೋಡಿದ್ದು ರೋಣ ತಾಲ್ಲೂಕಿನ ಹಳ್ಳಿಯೊಂದರ ಗುಡಿಯ ಮುಂದೆ. ಮಳೆ ಹಿಂದೆಗೆದ ಆ ವರ್ಷ ಊರವರು ತೊಗಲು ಗೊಂಬೆಯಾಟ ಆಡಿಸಿದ್ದರು. ಆಟವಾಡಿಸಿದರೆ ಮಳೆ ಬರುತ್ತದೆಂಬುದು ಹಳೆಯ ನಂಬಿಕೆ. ಹನುಮಂತ ಲಂಕೆಗೆ ಹಾರುವ ಸನ್ನಿವೇಶ. ಪರದೆಯ ಮೇಲೆ ನೀರಿನ ಚಿತ್ರವಿರಲಿಲ್ಲ. ಮದ್ದಳೆಯ ಮೊರೆತವಿತ್ತು, ಅಲುಗುವ ನೆರಳಿತ್ತು. ‘ಸಮುದ್ರ ಅಂದ್ರ ಹೆಂಗಿರತೈತಿ ಆಯಿ?’ ಎಂದು ಅಜ್ಜಿಯನ್ನು ಕೇಳಿದೆ. ತಾನೂ ಕಡಲು ಕಾಣದ ಆಕೆ, ‘ಗಾಳಿಗೆ ನಮ್ಮ ಜ್ವಾಳದ ಹೊಲ ತೂಗತೈತಲ್ಲ, ಹಂಗ’ ಎಂದಳು.

‘ಲೈಫ್ ಆಫ್ ಪೈ’ ರಂಗಪ್ರಯೋಗದ ಬಗ್ಗೆ ಓದುವಾಗ ಆ ರಾತ್ರಿ ನೆನಪಾಯಿತು. ಯಾನ್ ಮಾರ್ಟೆಲ್ 2001ರಲ್ಲಿ ಪ್ರಕಟಿಸಿದ ಕಾದಂಬರಿಯಿದು. ಹಡಗು ಮುಳುಗಿ, ಪುದುಚೇರಿಯ ಹುಡುಗನೊಬ್ಬ ಬಂಗಾಳದ ಹುಲಿಯೊಂದಿಗೆ 227 ದಿನ ದೋಣಿಯಲ್ಲಿ ಬದುಕುಳಿಯುವ ಕಥೆ. ಲೋಲಿತಾ ಚಕ್ರವರ್ತಿ ಇದನ್ನು ರಂಗಕ್ಕೆ ಅಳವಡಿಸಿದರು. 2019ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಮೊದಲ ಪ್ರದರ್ಶನ ಕಂಡ ಈ ನಾಟಕದಲ್ಲಿ ಹುಲಿ ಒಂದು ಗೊಂಬೆ. ಅದನ್ನು ಆಡಿಸುವವರು ಪ್ರೇಕ್ಷಕರ ಕಣ್ಣೆದುರಿಗೇ ಇರುತ್ತಾರೆ.

ಕಾದಂಬರಿಯ ಕೊನೆಗೆ ಹುಡುಗ ಎರಡನೆಯ ಕಥೆಯೊಂದನ್ನು ಹೇಳುತ್ತಾನೆ. ಅದರಲ್ಲಿ ಪ್ರಾಣಿಗಳಿಲ್ಲ, ಮನುಷ್ಯರ ಕ್ರೌರ್ಯವಷ್ಟೇ ಇದೆ. ಯಾವುದನ್ನು ನಂಬುತ್ತೀರಿ ಎಂಬುದೇ ಅಲ್ಲಿನ ಪ್ರಶ್ನೆ. 2012ರ ಚಲನಚಿತ್ರ ಗಣಕಯಂತ್ರದ ನೆರವಿನಿಂದ ನಿಜದಂಥ ಹುಲಿಯನ್ನೇ ತೋರಿಸಿತು. ರಂಗದ ಹುಲಿ ಹಾಗಲ್ಲ. ಅದರೊಳಗೆ ಮನುಷ್ಯನಿರುವುದು ನಮಗೆ ಕಾಣುತ್ತದೆ. ಆದರೂ ಅದು ಗುಟುರು ಹಾಕಿದಾಗ ಬೆಚ್ಚುತ್ತೇವೆ. ಎರಡೂ ಕಥೆಗಳನ್ನು ಒಟ್ಟಿಗೆ ಹಿಡಿದಿಡುವ ಶಕ್ತಿ ಗೊಂಬೆಗಿದೆ. ನಮ್ಮ ಗುಡಿಯ ಮುಂದೆ ಆ ರಾತ್ರಿ ನಡೆದದ್ದೂ ಇದೇ. ಸೀತೆ ಆಡಿನ ಚರ್ಮದವಳೆಂದು ತಿಳಿದಿದ್ದ ಹೆಂಗಸರೇ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು.

ಕಲೆ ಒಂದೇ, ಸಂದ ಮನ್ನಣೆ ಬೇರೆ. 2022ರಲ್ಲಿ ಲಂಡನ್ನಿನ ಒಲಿವಿಯರ್ ಪೋಷಕ ನಟ ಪ್ರಶಸ್ತಿಯನ್ನು ಆ ಹುಲಿಯನ್ನು ಆಡಿಸಿದ ಏಳು ಕಲಾವಿದರಿಗೆ ಜಂಟಿಯಾಗಿ ನೀಡಲಾಯಿತು. ಗೊಂಬೆಯಾಡಿಸುವವನೂ ನಟನೇ ಎಂದು ಅಲ್ಲಿನ ರಂಗಭೂಮಿ ಒಪ್ಪಿತು. ನಮ್ಮ ಕಿಳ್ಳೇಕ್ಯಾತರು ತಲೆಮಾರುಗಳಿಂದ ಪರದೆಯ ಹಿಂದೆಯೇ ಉಳಿದರು. ಅವರಿಗೆ ಸಿಕ್ಕಿದ್ದು ಕಾಳುಕಡಿ, ಹಳೆಯ ಬಟ್ಟೆ. ಅವರ ಗೊಂಬೆಗಳಿಗೆ ಸಿಕ್ಕಿದ್ದು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ. ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಘೋಷಣೆಯಾದದ್ದು 2025ರಲ್ಲಿ, ಅವರ 96ನೇ ವಯಸ್ಸಿನಲ್ಲಿ. ಅದು ಸಂತೋಷದ ಸುದ್ದಿ. ಆ ವಯಸ್ಸನ್ನು ನೆನೆದರೆ ನಾಚಿಕೆಯ ಸಂಗತಿಯೂ ಹೌದು.

ತೊಗಲು ಗೊಂಬೆಗೆ ರಾಮಾಯಣ, ಮಹಾಭಾರತವಲ್ಲದೆ ಹೊಸ ಕಥೆ ಒಗ್ಗದೆಂದು ಹೇಳುವವರಿದ್ದಾರೆ. 2023ರಲ್ಲಿ ನಿಧನರಾದ ಬಳ್ಳಾರಿಯ ಬೆಳಗಲ್ಲು ವೀರಣ್ಣ ಸ್ವಾತಂತ್ರ್ಯ ಹೋರಾಟವನ್ನೂ ಗಾಂಧೀಜಿಯ ಬದುಕನ್ನೂ ಪರದೆಗೆ ತಂದು ಆ ಮಾತಿಗೆ ಉತ್ತರ ಕೊಟ್ಟಿದ್ದರು. ಇನ್ನು ಕಡಲ ಕಥೆಯಂತೂ ಈ ಸಮುದಾಯಕ್ಕೆ ಹತ್ತಿರದ್ದೇ. ಗೊಂಬೆಯಾಟದ ಜೊತೆಗೆ ನದಿಯಲ್ಲಿ ಮೀನು ಹಿಡಿಯುವುದೂ ಅವರ ಕುಲಕಸುಬು. ಹಸಿವು, ನೀರು ಮತ್ತು ನೆರಳು ಮೂರನ್ನೂ ಇಷ್ಟು ಬಲ್ಲವರು ಮತ್ತಾರಿದ್ದಾರೆ?

ಧಾರವಾಡದಲ್ಲಿ ರಂಗಾಯಣವಿದೆ, ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿಯಿದೆ. ಇವೆರಡೂ ಕೈಜೋಡಿಸಿ ಇಂಥದೊಂದು ಕಡಲ ಕಾದಂಬರಿಯನ್ನು ತೊಗಲು ಗೊಂಬೆಗಳೊಡನೆ ಕನ್ನಡದ ರಂಗಕ್ಕೆ ತರಬಾರದೇಕೆ? ಗೊಂಬೆಯವರನ್ನು ಉದ್ಘಾಟನೆಯ ದಿನದ ಅಲಂಕಾರಕ್ಕೆ ಕರೆದರೆ ಸಾಲದು. ಹೊಸ ಗೊಂಬೆ ಕೊರೆಯಲು ಕಾಲಾವಕಾಶ, ತಾಲೀಮಿಗೆ ಸಂಬಳ, ಕರಪತ್ರದಲ್ಲಿ ನಟರ ಸಾಲಿನಲ್ಲಿ ಹೆಸರು ಇವಿಷ್ಟು ಸಿಗಬೇಕು. ಮೊದಲ ಪ್ರದರ್ಶನ ಬೆಂಗಳೂರಿನಲ್ಲಲ್ಲ, ಗಜೇಂದ್ರಗಡದಲ್ಲೋ ನರಗುಂದದಲ್ಲೋ ಆಗಲಿ. ಜೋಳದ ಹೊಲವನ್ನೇ ಕಡಲೆಂದು ತೋರಿಸಬಲ್ಲ ಅಜ್ಜಿಯರು ಆ ಊರುಗಳಲ್ಲಿ ಇನ್ನೂ ಇದ್ದಾರೆ. ಹುಲಿ ನಿಜವೋ ಸುಳ್ಳೋ ಎಂಬ ಪ್ರಶ್ನೆ ಅವರನ್ನು ಕಾಡಲಾರದು.